ಹೊತ್ತು ಹೆರೋಳ ಕೂಲಿ ಯಾರು ಕೊಡ್ತಾರೆ?

ಮಾನ್ಯ ಸಂಪಾದಕರೇ,

ಸಿನಿಮಾದೋರು ಯಾರಾದ್ರೂ ಸರೊಗಸಿಯಿಂದ, ಅಂದ್ರೆ ಇನ್ನೊಬ್ಬಳ ಹೊಟ್ಟೇಲಿ ತಮ್ಮ ಮಗು ಬೆಳೆಸಿ ಹೆರಿಸ್ಕೊಂಡು, ಮಗು ಪಡೆದ್ರು ಅಂತ ಸುದ್ದಿ ಬಂದಾಗೆಲ್ಲ ನಮ್ಮ ಕಡೆ ಜನ ಆಡೋದು ಒಂದೇ ಮಾತು, ದುಡ್ಡೊಂದಿದ್ರೆ ಬಸುರಿ ಆಗೋ ಕಷ್ಟಾನೂ ಇನ್ನೊಬ್ಬರ ಮೈಮೇಲೆ ಹಾಕ್ಬೋದು ಅಂತ. ಒಂದು ಕಾಲದಲ್ಲಿ ಅದು ನಿಜಾನೂ ಆಗಿತ್ತು, ಗುಜರಾತಿನ ಆನಂದ್ ಊರಿಗೆ ವಿದೇಶದಿಂದ ಜನ ಬರ್ತಿದ್ರು, ಬಡ ಹೆಂಗಸರು ದುಡ್ಡಿಗಾಗಿ ಹೆತ್ತು ಕೊಡ್ತಿದ್ರು. 2015ರಲ್ಲಿ ವಿದೇಶಿಯರಿಗೆ ಬಾಗಿಲು ಮುಚ್ಚಿತು, 2021ರ ಸರೊಗಸಿ ಕಾಯ್ದೆ 2022ರ ಜನವರಿ 25ಕ್ಕೆ ಜಾರಿಗೆ ಬಂದ ಮೇಲೆ ದುಡ್ಡು ಕೊಟ್ಟು ಮಾಡಿಸೋದು ಅಪರಾಧ. ಮೊದಲನೇ ಸಲ ಸಿಕ್ಕಿಬಿದ್ದ ದಂಪತಿಗೇ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಇದು ಎಷ್ಟೋ ಜನಕ್ಕೆ ಇನ್ನೂ ಗೊತ್ತಿಲ್ಲ.

ಇದನ್ನ ಬರೀತಿರೋಕೆ ಕಾರಣ ನಮ್ಮ ಮನೆ ವಿಷಯ. ನನ್ನ ತಂಗಿಗೆ ಹುಟ್ಟಿನಿಂದಲೇ ಗರ್ಭಕೋಶ ಇಲ್ಲ. ವಯಸ್ಸಿಗೆ ಬಂದ್ರೂ ಮುಟ್ಟಾಗ್ಲಿಲ್ಲ ಅಂತ ಸ್ಕ್ಯಾನ್ ಮಾಡಿಸಿದಾಗ್ಲೇ ಗೊತ್ತಾಗಿದ್ದು. ಡಾಕ್ಟ್ರು ಇದಕ್ಕೆ ಎಂಆರ್‌ಕೆಎಚ್ ಅಂತಾರೆ, ಸುಮಾರು ಐದು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಹೀಗಿರುತ್ತಂತೆ. ಆದ್ರೆ ಸಾಮಾನ್ಯವಾಗಿ ಅಂಡಾಶಯ ಸರಿಯಾಗೇ ಇರುತ್ತೆ, ಅಂಡಾಣು ಆಗುತ್ತೆ, ಹೊರೋಕೆ ಜಾಗ ಮಾತ್ರ ಇಲ್ಲ. ಎಲ್ಲಾ ಹೇಳಿಯೇ ಮದುವೆ ಮಾಡಿದ್ವಿ, ತಂಗಿ ಗಂಡನ ಮನೆಯವರು ಒಪ್ಪಿ ಮಾಡ್ಕೊಂಡ ಒಳ್ಳೇ ಜನ. ಕೊನೆಗೆ ಮಗುನ ಹೊತ್ತಿದ್ದು ತಂಗಿಯ ವಾರಗಿತ್ತಿ.

ಊರಲ್ಲಿ ನನ್ನನ್ನ ಕೇಳಿದ ಮೊದಲ ಪ್ರಶ್ನೆ, ಮಗು ಯಾರದ್ದು ಅಂತ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ತಂಗಿಗೆ ದಿನಾ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಅಂಡಾಣು ಬೆಳೆಸಿ, ಅರಿವಳಿಕೆ ಕೊಟ್ಟು ಹೊರಗೆ ತೆಗೀತಾರೆ, ಲ್ಯಾಬಲ್ಲಿ ಗಂಡನ ವೀರ್ಯದ ಜೊತೆ ಸೇರಿಸಿ ಭ್ರೂಣ ಮಾಡ್ತಾರೆ, ಅದನ್ನ ಮೂರೋ ಐದೋ ದಿನ ಬೆಳೆಸಿ ಅಥವಾ ಫ್ರೀಜ್ ಮಾಡಿಟ್ಟು, ಆಮೇಲೆ ಹೊರೋಳ ಗರ್ಭಕೋಶನ ಔಷಧಿಯಿಂದ ರೆಡಿ ಮಾಡಿ ಅಲ್ಲಿಗೆ ಬಿಡ್ತಾರೆ. ಸುಮಾರು ಎರಡು ವಾರ ಕಾದು ರಕ್ತ ಪರೀಕ್ಷೆ. ಹೊರೋಳ ಅಂಡಾಣು ಬಳಸೋದಕ್ಕೆ ಕಾನೂನೇ ಬಿಡಲ್ಲ, ಹಾಗಾಗಿ ಮಗು ರಕ್ತಸಂಬಂಧದಲ್ಲಿ ಪೂರ್ತಿ ನನ್ನ ತಂಗಿ ಮತ್ತು ಅವಳ ಗಂಡನದ್ದೇ. ದತ್ತು ತಗೊಳ್ಳೋ ಪ್ರಶ್ನೆನೂ ಬರಲ್ಲ, ಮೊದಲೇ ಮ್ಯಾಜಿಸ್ಟ್ರೇಟ್ ಕೋರ್ಟಿಂದ ತಂದೆ ತಾಯಿ ಇವರೇ ಅಂತ ಆದೇಶ ತಗೊಂಡಿರಬೇಕು, ಜನನ ದಾಖಲೆಗೂ ಅದೇ ಆಧಾರ.

ಕಾಗದದ ಕೆಲಸ ಅಂತೂ ದೊಡ್ಡದು. ವೈದ್ಯಕೀಯವಾಗಿ ಬೇರೆ ದಾರಿ ಇಲ್ಲ ಅಂತ ಜಿಲ್ಲಾ ಮೆಡಿಕಲ್ ಬೋರ್ಡ್ ಸರ್ಟಿಫಿಕೇಟ್ ಕೊಡಬೇಕು. ಹೆಂಡತಿಗೆ 23ರಿಂದ 50, ಗಂಡನಿಗೆ 26ರಿಂದ 55 ವಯಸ್ಸಿರಬೇಕು. ಹೊರೋಳಿಗೆ ಮದುವೆ ಆಗಿರಬೇಕು, ಸ್ವಂತ ಮಗು ಇರಬೇಕು, 25ರಿಂದ 35ರ ಒಳಗಿರಬೇಕು, ಜೀವಮಾನದಲ್ಲಿ ಒಂದೇ ಸಲ ಹೊರಬಹುದು. ಅವಳ ಹೆಸರಲ್ಲಿ ಮೂರು ವರ್ಷದ ಆರೋಗ್ಯ ವಿಮೆ ಮಾಡಿಸಬೇಕು. ಭ್ರೂಣ ಬಿಡೋ ಮುಂಚೆ ಯಾವಾಗ ಬೇಕಾದ್ರೂ ಬೇಡ ಅನ್ನೋ ಹಕ್ಕು ಅವಳಿಗಿದೆ. ಇವೆಲ್ಲ ಇರಲೇಬೇಕು ಅಂತ ನಾನೂ ಹೇಳ್ತೀನಿ. ಆದ್ರೆ ನಾವು ಹೋದ ಆಫೀಸಲ್ಲಿ ಯಾವ ಅರ್ಜಿ ಯಾರಿಗೆ ಕೊಡಬೇಕು ಅಂತ ಹೇಳೋರೇ ಇರಲಿಲ್ಲ, ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಕಳಿಸಿದ್ರು, ತಂಗಿ ಅಷ್ಟು ಜನರ ಮುಂದೆ ತನ್ನ ದೇಹದ ವಿಷಯ ಮತ್ತೆ ಮತ್ತೆ ಹೇಳ್ಬೇಕಾಯ್ತು. ಅದು ನೋಡೋಕಾಗ್ತಿರಲಿಲ್ಲ.

ನಾನು ಮುಖ್ಯವಾಗಿ ಹೇಳ್ಬೇಕಿರೋದು ಆ ವಾರಗಿತ್ತಿ ಬಗ್ಗೆ. ಆಕೆ ಇಬ್ಬರು ಮಕ್ಕಳ ತಾಯಿ, ಮನೇಲೇ ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಾಕಿ ಸಂಸಾರಕ್ಕೆ ಆಸರೆ ಆಗಿದ್ದೋಳು. ಡಾಕ್ಟ್ರು ರೆಸ್ಟ್ ಮಾಡಿ, ಮಷಿನ್ ತುಳಿಯೋದು ಬೇಡ ಅಂದ್ರು. ಗಿರಾಕಿಗಳು ಬೇರೆ ಕಡೆ ಹೋದ್ರು, ಮದುವೆ ಸೀಸನ್ ಪೂರ್ತಿ ಹೋಯ್ತು. ಹೆರಿಗೆ ಸಿಸೇರಿಯನ್ ಆಯ್ತು, ಆಮೇಲೂ ತಿಂಗಳುಗಟ್ಟಲೆ ಕೂತು ಹೊಲಿಯೋಕೆ ಆಗ್ಲಿಲ್ಲ. ಈ ಹೋದ ದುಡಿಮೆನಾದ್ರೂ ತುಂಬಿಕೊಡೋಣ ಅಂತ ತಂಗಿ ಗಂಡ ಲಾಯರ್ ಹತ್ರ ಕೇಳಿದ್ರೆ, ಆಸ್ಪತ್ರೆ ಖರ್ಚು, ವಿಮೆ, ನಿಯಮದಲ್ಲಿ ಹೇಳಿರೋ ಖರ್ಚು ಬಿಟ್ಟು ಕೈಗೆ ದುಡ್ಡು ಕೊಟ್ರೆ ಕಮರ್ಷಿಯಲ್ ಆಗುತ್ತೆ, ಹುಷಾರು ಅಂದ್ರು. ಆಕೆ ಕೇಳಲೂ ಇಲ್ಲ, ಕೇಳೋಳೂ ಅಲ್ಲ. ಆದ್ರೆ ಕೇಳಲಿಲ್ಲ ಅಂತ ನಷ್ಟ ಆಗಿಲ್ಲ ಅಂತ ಆಗುತ್ತಾ? ಇಂಜೆಕ್ಷನ್ ಕೊಟ್ಟ ನರ್ಸಿಗೆ ಸಂಬಳ ಇದೆ, ಡಾಕ್ಟ್ರಿಗೆ ಫೀಸ್ ಇದೆ, ಲ್ಯಾಬಿಗೆ ಬಿಲ್ ಇದೆ, ಅಫಿಡವಿಟ್ ಮಾಡಿದ ನೋಟರಿಗೂ ದುಡ್ಡಿದೆ, ಒಂಬತ್ತು ತಿಂಗಳು ಹೊತ್ತು ಹೊಟ್ಟೆ ಕೊಯ್ಸಿಕೊಂಡೋಳು ಮಾತ್ರ ತ್ಯಾಗ ಮಾಡ್ಬೇಕು. ಕೇಂದ್ರ ಸರ್ಕಾರಿ ನೌಕರಿಯಲ್ಲಿರೋ ಹೆಂಗಸರಿಗೆ 2024ರ ಜೂನ್‌ನಿಂದ, ಹೆತ್ತು ಕೊಟ್ಟೋಳಿಗೂ ಮಗು ಪಡೆದೋಳಿಗೂ 180 ದಿನ ರಜೆ ಕೊಟ್ಟಿದ್ದಾರೆ, ಸಂತೋಷ. ಹೊಲಿಗೆಯೋಳಿಗೆ, ಹೊಲದ ಕೂಲಿಯೋಳಿಗೆ ರಜೆ ಕೊಡೋರು ಯಾರು?

ಇದು ನಾನೊಬ್ಬಳು ಹೇಳ್ತಿರೋದಲ್ಲ. 2017ರಲ್ಲಿ ಸಂಸತ್ತಿನ ಆರೋಗ್ಯ ಸ್ಥಾಯಿ ಸಮಿತಿನೇ, ಬರೀ ತ್ಯಾಗದ ಮಾದರಿ ಸಾಲದು, ಹೊರೋಳಿಗೆ ಹೋದ ಕೂಲಿ, ಆಹಾರ, ಅವಳ ಮಕ್ಕಳನ್ನ ನೋಡ್ಕೊಳ್ಳೋ ಖರ್ಚು, ಹೆರಿಗೆ ನಂತರದ ಆರೈಕೆ ಎಲ್ಲ ಸೇರಿಸಿ ಪರಿಹಾರ ಕೊಡಬೇಕು ಅಂತ ವರದಿ ಕೊಟ್ಟಿತ್ತು. ಕಾಯ್ದೆ ಬರೋವಾಗ ಅದನ್ನ ಬಿಟ್ಟುಬಿಟ್ರು. ಮತ್ತೆ ವ್ಯಾಪಾರ ಶುರುವಾಗುತ್ತೆ ಅನ್ನೋ ಭಯ ನಂಗೂ ಅರ್ಥ ಆಗುತ್ತೆ, ಆನಂದ್ ಊರಲ್ಲಿದ್ದಂಥ ದಂಧೆ ಮತ್ತೆ ಬರೋದು ಬೇಡ. ಅದಕ್ಕೇ ದಂಪತಿ ಮತ್ತು ಹೊರೋಳ ನಡುವೆ ಚೌಕಾಸಿ ಆಗದ ಹಾಗೆ ಸರ್ಕಾರನೇ ಕನಿಷ್ಠ ಕೂಲಿ ಲೆಕ್ಕದಲ್ಲಿ ಒಂದು ಮೊತ್ತ ನಿಗದಿ ಮಾಡಲಿ, ಮ್ಯಾಜಿಸ್ಟ್ರೇಟ್ ಆದೇಶದ ಹೊತ್ತಿಗೇ ಅದು ಅವಳ ಬ್ಯಾಂಕ್ ಖಾತೆಗೆ ಬೀಳಲಿ, ಗರ್ಭ ನಿಲ್ಲದಿದ್ರೂ ಅದನ್ನ ವಾಪಸ್ ಕೇಳಬಾರದು.

ಈ ಕಾನೂನು ತಿದ್ದೋಕಾಗದ ಕಲ್ಲೇನಲ್ಲ. 2023ರ ಮಾರ್ಚಲ್ಲಿ ಅಂಡಾಣು ವೀರ್ಯ ಎರಡೂ ದಂಪತಿಯದ್ದೇ ಆಗಿರಬೇಕು ಅಂತ ನಿಯಮ ಮಾಡಿದ್ರು, ಎಂಆರ್‌ಕೆಎಚ್ ಇದ್ದು ಸ್ವಂತ ಅಂಡಾಣುನೂ ಆಗದ ಒಬ್ಬ ಹೆಣ್ಣುಮಗಳು ಸುಪ್ರೀಂ ಕೋರ್ಟಿಗೆ ಹೋದ್ಲು, 2024ರ ಫೆಬ್ರವರಿಲಿ ನಿಯಮ ಸಡಿಲ ಆಯ್ತು. ನಮ್ಮ ಹೈಕೋರ್ಟಲ್ಲೇ 2023ರಲ್ಲಿ ಒಂದು ಕೇಸ್ ಬಂತು, 23 ವರ್ಷದ ಒಬ್ಬನೇ ಮಗನನ್ನ ಅಪಘಾತದಲ್ಲಿ ಕಳ್ಕೊಂಡ ದಂಪತಿ, ತಾಯಿಗೆ ಗರ್ಭಕೋಶ ತೆಗೆದಿದ್ರು, ತಂದೆಗೆ 55 ದಾಟಿತ್ತು. ಆಗ ಕೋರ್ಟು ಬರೀ ವಯಸ್ಸು ನೋಡ್ಬೇಡಿ, ಆನುವಂಶಿಕ, ದೈಹಿಕ, ಆರ್ಥಿಕ ಹೀಗೆ ಮೂರೂ ಪರೀಕ್ಷೆ ಮಾಡಿ ಅಂತ ಹೇಳಿತು. ಮಗು ಬೇಕು ಅನ್ನೋರ ಪರವಾಗಿ ಹೀಗೆ ಕೋರ್ಟಿಗೆ ಹೋಗೋರಿದ್ದಾರೆ. ಹೊತ್ತು ಕೊಟ್ಟೋಳ ಪರವಾಗಿ ಯಾರೂ ಹೋಗಿದ್ದು ನಾನಂತೂ ಕೇಳಿಲ್ಲ, ಮನೆಯೋರ ಮೇಲೇ ಕೇಸ್ ಹಾಕೋಕೆ ಯಾವ ಸೊಸೆ ಮುಂದೆ ಬರ್ತಾಳೆ?

ಇನ್ನೊಂದು ಮಾತು. ಸಂಬಂಧಿಕರೇ ಹೊರಬೇಕು ಅಂತ ಕಾನೂನಲ್ಲಿಲ್ಲ, ಒಪ್ಪೋ ಹೆಂಗಸು ಅಂತಷ್ಟೇ ಇದೆ. ಆದ್ರೆ ದುಡ್ಡಿಲ್ಲದೆ ಹೊರಗಿನೋರು ಯಾರು ಬರ್ತಾರೆ? ಭಾರ ಕೊನೆಗೆ ಮನೆಯ ಹೆಣ್ಣುಮಕ್ಕಳ ಮೇಲೇ ಬೀಳುತ್ತೆ. ನಮ್ಮ ಮನೇಲಿ ಆಕೆ ಮನಸಾರೆ ಒಪ್ಪಿದ್ಲು, ನಾನೇ ಒಬ್ಬಳನ್ನೇ ಕೂರಿಸಿ ಕೇಳಿದ್ದೆ. ಅತ್ತೆ ಮಾವನ ಮಾತಿಗೆ ಕಟ್ಟುಬಿದ್ದು ಹೂಂ ಅನ್ನೋರೂ ಇರ್ತಾರಲ್ವಾ, ಹಾಗಾಗಿ ಕೌನ್ಸೆಲಿಂಗ್ ಮಾಡೋವಾಗ ಮನೆಯೋರನ್ನ ಹೊರಗೆ ಕಳಿಸಿ ಅವಳೊಬ್ಬಳ ಹತ್ರ ಮಾತಾಡ್ಬೇಕು.

ನಮ್ಮ ಸಂಸದರು ಪರಿಹಾರದ ತಿದ್ದುಪಡಿನ ದಿಲ್ಲಿಯಲ್ಲಿ ಎತ್ತಲಿ. ರಾಜ್ಯ ಆರೋಗ್ಯ ಇಲಾಖೆ ಅದಕ್ಕೆ ಕಾಯೋದು ಬೇಕಿಲ್ಲ, ಯಾವ ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ, ಹೊರೋಳಿಗೆ ಏನೇನು ಹಕ್ಕಿದೆ ಅಂತ ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಪ್ರತಿ ಜಿಲ್ಲಾಸ್ಪತ್ರೆಲಿ ಇಡೋದನ್ನ ಈ ತಿಂಗಳೇ ಮಾಡಬಹುದು.

– ಒಬ್ಬ ಓದುಗಿ, ದಾವಣಗೆರೆ
(ಮನೆಯವರ ಖಾಸಗಿ ವಿಷಯ ಆದ್ದರಿಂದ ದಯವಿಟ್ಟು ಹೆಸರು ಹಾಕಬೇಡಿ)