ಮೂರೂವರೆಗೆ ಎಚ್ಚರವಾಗುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಮೊನ್ನೆ ರಾತ್ರಿ ಮೂರೂವರೆಗೆ ನೀನು ಕಳಿಸಿದ ಮೆಸೇಜನ್ನು ನಾನು ನೋಡಿದ್ದು ಬೆಳಿಗ್ಗೆ, ಹಾಲು ಕಾಯಲು ಇಟ್ಟು. 'ಮತ್ತೆ ಅದೇ ಕನಸು ಬಿತ್ತು. ಇದರ ಅರ್ಥ ಏನು ಮಾರಾಯ?' ಅಂತ ಎರಡೇ ಸಾಲು. ನೋಡುತ್ತಾ ನಿಂತೆ, ಹಾಲು ಉಕ್ಕಿ ಹೋಯಿತು. ಫೋನ್ ಮಾಡಿದರೆ ನೀನು ನಡುವೆ ಬಾಯಿ ಹಾಕುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಉದ್ದನೆಯ ಕಾರಿಡಾರ್. ಕೊನೆಯಲ್ಲಿ ಗಾಜಿನ ಬಾಗಿಲು. ಅದರಾಚೆ ಅಪ್ಪ, ಮುಖಕ್ಕೆ ಆಕ್ಸಿಜನ್ ಮಾಸ್ಕ್. ಕೈ ಎತ್ತಿ ಕರೆಯುತ್ತಾರೆ. ನೀನು ನಡೆದಷ್ಟೂ ಕಾರಿಡಾರ್ ಉದ್ದವಾಗುತ್ತದೆ. ಬಾಗಿಲಿಗೆ ಇನ್ನೇನು ಕೈ ತಾಗಬೇಕು, ಎಚ್ಚರ. ಪ್ರತಿ ಸಲವೂ ಅಲ್ಲೇ.

2021ರ ಮೇ ತಿಂಗಳಲ್ಲಿ, ಕೋವಿಡ್ ಹೊತ್ತಿಗೆ, ನಿನಗೆ ಆಗಿದ್ದೂ ಹೆಚ್ಚುಕಮ್ಮಿ ಇದೇ ಅಲ್ವಾ? ಹನ್ನೊಂದು ದಿನ ಆಸ್ಪತ್ರೆ ಗೇಟಿನ ಹೊರಗೆ ಕಾರಿನಲ್ಲೇ ಕೂತಿದ್ದೆ. ಒಳಗೆ ಬಿಡಲಿಲ್ಲ. ಕೊನೆಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟರು, ಮುಖವನ್ನೂ ಸರಿಯಾಗಿ ನೋಡಲಾಗಲಿಲ್ಲ. ಅದಕ್ಕೆ ನೀನು ಅರ್ಥ ಕೇಳಿದಾಗ ನನಗೆ ಆಶ್ಚರ್ಯವೇ ಆಯಿತು. ಇದರಲ್ಲಿ ಬಿಡಿಸಬೇಕಾದ ಒಗಟು ಏನಿದೆ?

ನಿಮ್ಮ ಅತ್ತೆ ನಿನ್ನ ತಲೆಯಲ್ಲಿ ಹುಳ ಬಿಟ್ಟಿದ್ದು ಗೊತ್ತು. ಅಪ್ಪನಿಗೆ ಗತಿ ಸಿಕ್ಕಿಲ್ಲ, ಬೆಳಗಿನ ಜಾವದ ಕನಸು ಸುಳ್ಳಾಗುವುದಿಲ್ಲ ಅಂತ. ಬೆಳಗಿನ ಜಾವದ್ದೇ ಯಾಕೆ ಅಂತ ನನಗೂ ಕುತೂಹಲವಿತ್ತು. ನಿದ್ದೆ ಸುಮಾರು ತೊಂಬತ್ತು ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಪ್ರತಿ ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುತ್ತದೆ. 1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್ಸ್ಕಿ ಮತ್ತು ಕ್ಲೈಟ್ಮನ್ ಇದನ್ನು ಗುರುತಿಸಿದರು. ಅದಕ್ಕೆ ರೆಮ್ ನಿದ್ದೆ ಅಂತ ಹೆಸರು. ಎದ್ದು ಕಾಣುವಂಥ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಮೊದಲ ಸುತ್ತಿನಲ್ಲಿ ಅದು ಕೆಲವೇ ನಿಮಿಷ. ಬೆಳಗಾಗುತ್ತಾ ಅರ್ಧ ಗಂಟೆಗೂ ಹಿಗ್ಗುತ್ತದೆ. ಅಂದರೆ ಒಳ್ಳೆಯದಿರಲಿ ಕೆಟ್ಟದಿರಲಿ, ನಮಗೆ ನೆನಪುಳಿಯುವ ಕನಸೆಲ್ಲ ಹೆಚ್ಚುಕಮ್ಮಿ ಬೆಳಗಿನ ಜಾವದ್ದೇ. ಅಷ್ಟರಲ್ಲಿ ಒಂದೆರಡು ನಿಜವಾದರೆ ಊರೆಲ್ಲ ಸುದ್ದಿ. ಆಗದೇ ಹೋದವನ್ನು ಯಾರು ಲೆಕ್ಕ ಇಡುತ್ತಾರೆ?

ಅತ್ತೆಗೆ ವಿಜ್ಞಾನ ರುಚಿಸದಿದ್ದರೆ ಚರಕನನ್ನು ಹೇಳು. ಚರಕ ಸಂಹಿತೆಯಲ್ಲಿ ಕನಸು ಏಳು ಥರ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು, ಮುಂದಾಗುವುದನ್ನು ತೋರಿಸುವುದು, ದೇಹದ ದೋಷದಿಂದ ಬೀಳುವುದು. ಮೊದಲ ಐದಕ್ಕೆ ಫಲವಿಲ್ಲ ಅಂತ ಅವನೇ ಹೇಳಿಬಿಟ್ಟಿದ್ದಾನೆ. ನಿನ್ನದು ಅನುಭವಿಸಿದ್ದು. ಅದು ನಾಳೆಯ ಸುದ್ದಿ ತಂದಿಲ್ಲ ಮಾರಾಯ, ಆವತ್ತಿನದನ್ನೇ ಹೊತ್ತು ತಿರುಗುತ್ತಿದೆ.

ದೇಹದ ದೋಷ ಅಂದೆನಲ್ಲ, ಅದು ನನ್ನ ಕಥೆ. ಶಿರಾಡಿ ಘಾಟಿಯಲ್ಲಿ ನಮ್ಮ ಬಸ್ಸು ಮಗುಚಿದ ಮೇಲೆ ನನಗೂ ಒಂದು ಕನಸು ಅಂಟಿಕೊಂಡಿತ್ತು. ಬಸ್ಸು ಇಳಿಜಾರಿನಲ್ಲಿ ಓಡುತ್ತಿದೆ, ಡ್ರೈವರ್ ಸೀಟು ಖಾಲಿ. ಎರಡು ವರ್ಷ ಅಪರೂಪಕ್ಕೆ ಬೀಳುತ್ತಿತ್ತು. ಆಮೇಲೆ ಇದ್ದಕ್ಕಿದ್ದಂತೆ ವಾರಕ್ಕೆ ನಾಲ್ಕು ಸಲ. ಬಸ್ಸು ಅಂದರೆ ಬಾಳು, ಯಜಮಾನನಿಲ್ಲದ ಬಾಳು ಅಂತ ಒಬ್ಬರು ಅರ್ಥ ಹೇಳಿ ಐನೂರು ರೂಪಾಯಿ ತಗೊಂಡರು. ಕೊನೆಗೆ ಡಾಕ್ಟರು ಕೇಳಿದ್ದು ಒಂದೇ ಮಾತು, 'ಹೊಸದಾಗಿ ಮಾತ್ರೆ ಏನಾದರೂ ಶುರು ಮಾಡಿದ್ದೀರಾ?' ಮೈಗ್ರೇನಿಗೆ ಪ್ರೊಪ್ರನೊಲಾಲ್ ತಿನ್ನುತ್ತಿದ್ದೆ. ಕೆಲವರಿಗೆ ಅದರಿಂದ ಕೆಟ್ಟ ಕನಸು ಜಾಸ್ತಿಯಾಗುತ್ತದಂತೆ. ಅವರೇ ಮಾತ್ರೆ ಬದಲಿಸಿದರು. ನಾಲ್ಕು ಇದ್ದದ್ದು ಒಂದಕ್ಕೆ ಇಳಿಯಿತು. ನೀನು ತಗೊಳ್ಳುವ ಮಾತ್ರೆಗಳನ್ನೂ ಒಮ್ಮೆ ತೋರಿಸು. ನೀನಾಗೇ ನಿಲ್ಲಿಸಬೇಡ, ಅಷ್ಟೇ.

ಇನ್ನೊಂದು ಮಾತು, ಬೈದುಕೊಳ್ಳಬೇಡ. ನಿದ್ದೆ ಬರಲಿ ಅಂತ ಹಾಕುವ ಆ ಎರಡು ಪೆಗ್ ಇದೆಯಲ್ಲ, ಅದು ಮೊದಲರ್ಧ ರಾತ್ರಿ ಕನಸಿನ ನಿದ್ದೆಯನ್ನು ಅದುಮಿ ಇಡುತ್ತದೆ. ಅಮಲು ಇಳಿದ ಮೇಲೆ ಅದು ಬಡ್ಡಿ ಸಮೇತ ವಾಪಸ್ ಬರುತ್ತದೆ. ಮೂರೂವರೆಗೇ ಯಾಕೆ ಎಚ್ಚರವಾಗುತ್ತದೆ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲೇ ಇರಬಹುದು.

ಆದರೂ ಅದೇ ಕನಸು ಮತ್ತೆ ಮತ್ತೆ ಯಾಕೆ? ಕನಸೆಲ್ಲ ಬಯಕೆಯ ಈಡೇರಿಕೆ ಎಂದಿದ್ದ ಫ್ರಾಯ್ಡ್ ಕೂಡ 1920ರ ಹೊತ್ತಿಗೆ, ಯುದ್ಧದ ಭೀಕರತೆ ಕಂಡವರ ಕನಸು ಆ ಲೆಕ್ಕಕ್ಕೆ ಸಿಗುವುದಿಲ್ಲ ಎಂದು ಒಪ್ಪಿದ. ನನಗೆ ಸರಿ ಕಂಡ ವಿವರಣೆ ಇದು. ಕನಸು ಭಯವನ್ನು ಬೇರೆ ನೆನಪುಗಳ ಜೊತೆ ಹಾಕಿ ರುಬ್ಬಿ ನುಣ್ಣಗೆ ಮಾಡುತ್ತದೆ. ಭಯ ವಿಪರೀತವಾದರೆ ನಡುವೆಯೇ ಎಚ್ಚರವಾಗಿಬಿಡುತ್ತದೆ. ಅರ್ಧ ರುಬ್ಬುವಾಗ ಕರೆಂಟ್ ಹೋದ ಹಾಗೆ. ಮಾರನೇ ರಾತ್ರಿ ಮತ್ತೆ ಅದೇ ಅಕ್ಕಿ, ಅದೇ ತರಿ.

ಹಾಗಾಗಿ ಕೊನೆಯನ್ನು ಎಚ್ಚರವಿದ್ದಾಗ ಕಟ್ಟಬೇಕು. ಹಗಲು ಹೊತ್ತಿನಲ್ಲಿ ಕನಸನ್ನು ಬರೆದಿಟ್ಟುಕೋ. ಎಲ್ಲಿ ಬೇಕೋ ಅಲ್ಲಿ, ಹೇಗೆ ಬೇಕೋ ಹಾಗೆ ಬದಲಿಸು. ಆ ಬದಲಾದ ಕನಸನ್ನು ದಿನಾ ಹತ್ತು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ನೋಡು. ಸುಮ್ನೆ ಹೇಳುತ್ತಿಲ್ಲ. ಬ್ಯಾರಿ ಕ್ರಾಕೋ ಎಂಬ ವೈದ್ಯ ಮತ್ತು ಜೊತೆಗಾರರು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 168 ಹೆಂಗಸರ ಅಧ್ಯಯನವನ್ನು 2001ರಲ್ಲಿ ಪ್ರಕಟಿಸಿದರು. ಇದನ್ನು ಕಲಿತವರಿಗೆ ಕೆಟ್ಟ ಕನಸು ಚೆನ್ನಾಗಿಯೇ ಕಡಿಮೆಯಾಗಿತ್ತು. ಓದಿದಾಗ ನನಗೆ ಅಜ್ಜಿ ನೆನಪಾದಳು. ಮಲಗುವ ಮುಂಚೆ 'ರಾಮಸ್ಕಂದಂ ಹನೂಮಂತಂ ವೈನತೇಯಂ ವೃಕೋದರಂ' ಹೇಳಿಸುತ್ತಿದ್ದಳಲ್ಲ? ನಿದ್ದೆಗೆ ಹೋಗುವಾಗ ಜೊತೆಗೆ ಹನುಮಂತ, ಭೀಮರನ್ನು ಕರೆದುಕೊಂಡು ಹೋಗು ಅಂತ. ಅಜ್ಜಿಯ ಶ್ಲೋಕ, ಈ ಅಭ್ಯಾಸ ಎರಡೂ ಒಂದೇ ಥರದ ಮದ್ದು ಅನ್ನಿಸುತ್ತದೆ.

ನಾನು ಬದಲಿಸಿದ್ದು ಸಣ್ಣದು. ಖಾಲಿ ಸೀಟಿಗೆ ಒಬ್ಬ ಮೀಸೆ ಡ್ರೈವರನ್ನು ಕೂರಿಸಿದೆ. ಅವನು ದೋಣಿಗಾಲಿನಲ್ಲಿ ಬಸ್ಸು ನಿಲ್ಲಿಸಿ ಟೀ ಕುಡಿಯಲು ಇಳಿಯುತ್ತಾನೆ. ಮೊದಲ ವಾರ ನಗು ಬರುತ್ತಿತ್ತು, ನಾಟಕದ ರಿಹರ್ಸಲ್ ಥರ. ಈಗಲೂ ವರ್ಷಕ್ಕೆ ಎರಡು ಸಲ ಆ ಬಸ್ಸು ಬರುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಸೀಟಿನಲ್ಲಿ ಯಾರೋ ಇರುತ್ತಾರೆ. ನಿನ್ನ ಕನಸಿಗೆ ನಾನು ಕೊನೆ ಬರೆದುಕೊಡುವುದಿಲ್ಲ. ಬಾಗಿಲು ತೆರೆಯುತ್ತದೋ, ಅಪ್ಪನೇ ಮಾಸ್ಕ್ ತೆಗೆದು 'ಊಟ ಆಯ್ತಾ' ಅಂತ ಕೇಳುತ್ತಾರೋ, ನಿನಗೇ ಗೊತ್ತು.

ಬರೆಯಲು ಕೂತಾಗ ಎದೆ ಬಿಗಿಯಾದರೆ ಒಬ್ಬನೇ ಮಾಡಬೇಡ. ನಿಮ್ಹಾನ್ಸಿನಂಥ ಕಡೆ ಇದನ್ನು ಜೊತೆಗೆ ಕೂತು ಮಾಡಿಸುವವರು ಇದ್ದಾರೆ. ನಿದ್ದೆಯಲ್ಲೇ ಕೈಕಾಲು ಬಡಿಯುವುದು, ಪಕ್ಕದವರಿಗೆ ಏಟು ಬೀಳುವುದು ಇದ್ದರೆ ಅದು ಬೇರೆಯೇ ತೊಂದರೆ, ನರರೋಗದ ಡಾಕ್ಟರಿಗೆ ತೋರಿಸಬೇಕು. ಬದುಕೇ ಸಾಕು ಅನ್ನಿಸಿದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡು. ದುಡ್ಡಿಲ್ಲ, ಇಡೀ ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ಗೋಕರ್ಣದ ವಿಷಯ. ಅತ್ತೆ ನಾರಾಯಣ ಬಲಿ ಮಾಡಿಸು ಅನ್ನುತ್ತಿದ್ದಾರೆ, ನಿನಗೆ ಸಿಟ್ಟು. ನಾನು ಹೋಗು ಅಂತಲೇ ಹೇಳುತ್ತೇನೆ, ಕಾರಣ ಬೇರೆ. ಅಪ್ಪ ಅಲೆಯುತ್ತಿದ್ದಾರೆ ಅಂತ ಹೆದರಿ ಅಲ್ಲ. ಆವತ್ತು ಹನ್ನೆರಡನೇ ದಿನಕ್ಕೆ ಮನೆಯಲ್ಲಿ ನಾಲ್ಕು ಜನ ಇರಲಿಲ್ಲ. ಅಡಿಗೆಯೂ ಆಗಲಿಲ್ಲ, ಅಳುವುದೂ ಆಗಲಿಲ್ಲ. ಯಾವ ಪೂಜೆ, ಎಷ್ಟು ಖರ್ಚು ಅನ್ನುವುದು ನಿನಗೆ ಬಿಟ್ಟದ್ದು, ಸಾಲ ಮಾತ್ರ ಮಾಡಬೇಡ. ಏನೂ ಬೇಡವಾದರೆ ಸಮುದ್ರದ ದಡದಲ್ಲಿ ಕೂತು ಬರೋಣ.

ಮುಂದಿನ ಶನಿವಾರ ಕಾರು ತರುತ್ತೇನೆ. ಜೋಗದ ಮೇಲೆ ಹೋದರೆ ಹೊನ್ನಾವರದಲ್ಲಿ ಊಟ. ಅಲ್ಲಿವರೆಗೆ ಮೂರೂವರೆಗೆ ಎಚ್ಚರವಾದರೆ ಮೆಸೇಜ್ ಬೇಡ, ಫೋನೇ ಮಾಡು. ಸೈಲೆಂಟ್ ತೆಗೆದಿಟ್ಟಿದ್ದೇನೆ.

ನಿನ್ನ ಗೆಳೆಯ