ನಗೆ ಹಲಗೆಗೊಂದು ಹಂಚಿನ ಸೂರು: ನಮ್ಮ ಹೈಸ್ಕೂಲಿನ ದೇಣಿಗೆ ಮನವಿ

ಆತ್ಮೀಯರೇ,

ಹೋದ ಜುಲೈನಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ನನ್ನ ಟೇಬಲ್ ಮೇಲೆ ಒಂದು ರಜಾ ಚೀಟಿ ಇಟ್ಟು ಓಡಿಹೋದಳು. ಮಳೆಗೆ ಅರ್ಧ ನೆನೆದ ಹಾಳೆ. ಅದರಲ್ಲಿ ಹೀಗೆ ಬರೆದಿತ್ತು: "ಮಾನ್ಯರೇ, ನಮ್ಮ ದನ ನಿನ್ನೆ ರಾತ್ರಿ ಕರು ಹಾಕಿದ ಕಾರಣ ನನಗೆ ತುಂಬಾ ಸುಸ್ತಾಗಿದ್ದು, ಎರಡು ದಿನ ವಿಶ್ರಾಂತಿ ಬೇಕಾಗಿದೆ. ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ."

ನಾನು ಈ ಶಾಲೆಯ ಕನ್ನಡ ಮೇಷ್ಟ್ರು. ಶಾಲೆ ಶುರುವಾದಾಗಿನಿಂದ ಆ ದಿನದವರೆಗೆ ಅವಳ ದನಿಯನ್ನೇ ನಾನು ಕೇಳಿರಲಿಲ್ಲ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಮಕ್ಕಳು ಬರೆದ ತಮಾಷೆಯ ಚೀಟಿಗಳನ್ನು ಹಾಕಲು ನಮ್ಮ ಜಗಲಿಯಲ್ಲಿ ನಗೆ ಹಲಗೆ ಅಂತ ಒಂದಿದೆ. ಎರಡು ದಿನ ಬಿಟ್ಟು ಬಂದಾಗ ಪಕ್ಕಕ್ಕೆ ಕರೆದು ಕೇಳಿದೆ: "ಈ ಚೀಟಿಯನ್ನು ನಗೆ ಹಲಗೆಗೆ ಹಾಕಲಾ? ಹೆಸರು ಹಾಕಲ್ಲ." ಸ್ವಲ್ಪ ಹೊತ್ತು ಯೋಚಿಸಿ ತಲೆಯಾಡಿಸಿದಳು.

ಮಧ್ಯಾಹ್ನ ಊಟದ ತಟ್ಟೆ ಹಿಡಿದುಕೊಂಡೇ ಮಕ್ಕಳು ಹಲಗೆ ಮುಂದೆ ಗುಂಪಾದರು. ಒಬ್ಬ ಜೋರಾಗಿ ಓದಿದ. ಜಗಲಿಯೆಲ್ಲ ನಗು. ಅವಳು ಕಂಬದ ಹಿಂದೆ ನಿಂತು ನೋಡುತ್ತಿದ್ದಳು. ಯಾರೋ "ದನ ಕರು ಹಾಕಿದರೆ ಇವರಿಗೆ ಯಾಕೆ ಸುಸ್ತು?" ಅಂದರು. ಕಂಬದ ಹಿಂದಿನಿಂದ ಉತ್ತರ ಬಂತು: "ರಾತ್ರಿಯಿಡೀ ಟಾರ್ಚ್ ಹಿಡಿದು ನಿಂತವಳು ನಾನು. ದನ ಆರಾಮಾಗಿತ್ತು."

ಒಂದು ಗಳಿಗೆ ಎಲ್ಲರೂ ಸುಮ್ಮನಾದರು. ಆಮೇಲೆ ಬಂದ ನಗು ಇದೆಯಲ್ಲ, ಅದನ್ನು ನಾನು ಮರೆಯುವುದಿಲ್ಲ. ಅವಳೂ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಅವತ್ತು ಅವಳು ನಮ್ಮ ಶಾಲೆಯವಳಾದಳು ಅಂತ ನನಗೆ ಅನಿಸಿತು. ಈಗಲೂ ಮಕ್ಕಳು ಬೆಳಗ್ಗೆ ಅವಳನ್ನು ನೋಡಿದ ಕೂಡಲೇ "ಕರು ಹೇಗಿದೆ?" ಅಂತಲೇ ಮಾತು ಶುರು ಮಾಡುವುದು.

ಆ ಹಲಗೆಗಾಗಿ, ಆ ಜಗಲಿಗಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಗುಂಬೆ ಕಡೆಯ ಒಂದು ಸಣ್ಣ ಅನುದಾನಿತ ಹೈಸ್ಕೂಲು. ಎಂಟು, ಒಂಬತ್ತು, ಹತ್ತು, ಮೂರೇ ತರಗತಿ. ಒಟ್ಟು 74 ಮಕ್ಕಳು. ಹೆಚ್ಚಿನವರು ಅಡಿಕೆ ತೋಟದಲ್ಲಿ ಕೂಲಿ ಮಾಡುವವರ ಮಕ್ಕಳು, ಸಣ್ಣ ಹಿಡುವಳಿದಾರರ ಮಕ್ಕಳು. ಕೆಲವರು ಕಾಡುದಾರಿಯಲ್ಲಿ ಒಂದು ಗಂಟೆ ನಡೆದು ಬರುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುತ್ತದೆ ಅಂತ ನೀವು ಪುಸ್ತಕದಲ್ಲಿ ಓದಿರಬಹುದು. ನಮ್ಮ ಮಕ್ಕಳು ಅದನ್ನು ಲಂಗದ ಅಂಚಿನಲ್ಲಿ, ಪ್ಯಾಂಟಿನ ಮಡಿಕೆಯಲ್ಲಿ ತರಗತಿಯೊಳಗೇ ತರುತ್ತಾರೆ. ಜೊತೆಗೆ ಉಂಬಳವನ್ನೂ, ಅಂದರೆ ರಕ್ತ ಹೀರುವ ಜಿಗಣೆಯನ್ನೂ.

ಉಂಬಳದ ಬಗ್ಗೆ ನಮ್ಮ ಹಲಗೆಯಲ್ಲಿ ಬಂದಷ್ಟು ಬರಹ ಬೇರೆ ಯಾವ ವಿಷಯದ ಮೇಲೂ ಬಂದಿಲ್ಲ. ಹತ್ತನೇ ತರಗತಿಯ ಹುಡುಗನೊಬ್ಬ ಪ್ರಕಟಣೆಯ ಧಾಟಿಯಲ್ಲಿ ಬರೆದಿದ್ದ: "ನಮ್ಮ ಶಾಲೆಯ ದಾರಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಚಿತ ರಕ್ತದಾನ ಶಿಬಿರ. ಹೆಸರು ನೋಂದಾಯಿಸುವ ಅಗತ್ಯವಿಲ್ಲ. ಅವರೇ ಬಂದು ತಗೊಳ್ಳುತ್ತಾರೆ." ವಿಜ್ಞಾನದ ಮೇಡಂ ಅದನ್ನೇ ಹಿಡಿದುಕೊಂಡು ಮರುದಿನ ರಕ್ತ ಹೆಪ್ಪುಗಟ್ಟುವ ಪಾಠ ಮಾಡಿದರು. ಉಂಬಳ ಕಚ್ಚಿದ ಜಾಗದಲ್ಲಿ ರಕ್ತ ಯಾಕೆ ಬೇಗ ನಿಲ್ಲುವುದಿಲ್ಲ, ಅದರ ಎಂಜಲಿನಲ್ಲಿ ಏನಿದೆ ಅಂತ. ಪಾಠದ ಹೊತ್ತಿಗೆ ಇಬ್ಬರ ಕಾಲಿನಲ್ಲಿ ರಕ್ತ ಇನ್ನೂ ಜಿನುಗುತ್ತಲೇ ಇತ್ತು. ಉದಾಹರಣೆ ಹುಡುಕಲು ಎಲ್ಲಿಗೂ ಹೋಗಬೇಕಾಗಲಿಲ್ಲ.

ನಗೆ ಹಲಗೆ ಅಂದರೆ ದೊಡ್ಡದೇನಲ್ಲ. ಜಗಲಿಯ ಗೋಡೆಗೆ ಹೊಡೆದ ಮರದ ಹಲಗೆ. ಸೋಮವಾರದಿಂದ ಶುಕ್ರವಾರದವರೆಗೆ ಯಾರು ಬೇಕಾದರೂ ಚೀಟಿ ಬರೆದು ಡಬ್ಬಿಗೆ ಹಾಕಬಹುದು. ಮೂರೂ ತರಗತಿಯಿಂದ ಇಬ್ಬಿಬ್ಬರು ಸೇರಿ ಆರಿಸುತ್ತಾರೆ. ಶನಿವಾರ ಬೆಳಗಿನ ಶಾಲೆ ಅಲ್ವಾ, ಅವತ್ತು ಕೊನೆಯ ಪೀರಿಯಡ್‌ನಲ್ಲಿ ನಗೆ ಸಭೆ. ಬರೆದವರು ಎದ್ದು ನಿಂತು ಓದಬೇಕು. ಒಂದು ನಿಯಮ ಮಕ್ಕಳೇ ಮಾಡಿಕೊಂಡಿದ್ದಾರೆ: ಇನ್ನೊಬ್ಬರ ಬಣ್ಣ, ಜಾತಿ, ಮೈಕಟ್ಟು, ಮನೆ ಪರಿಸ್ಥಿತಿ ಹಿಡಿದು ನಗಿಸಬಾರದು. ನಿಮ್ಮ ಬಗ್ಗೆ ಬರೆಯಿರಿ, ಮಳೆ ಬಗ್ಗೆ ಬರೆಯಿರಿ, ಮೇಷ್ಟ್ರ ಬಗ್ಗೆಯೂ ಬರೆಯಬಹುದು. ಈ ನಿಯಮ ಮುರಿದ ಚೀಟಿ ಬಂದಾಗ ಆರಿಸುವ ಮಕ್ಕಳು ನನ್ನ ತನಕ ತರುವುದೇ ಇಲ್ಲ. ಬರೆದವನನ್ನು ಕೂರಿಸಿಕೊಂಡು ತಾವೇ ಮಾತಾಡುತ್ತಾರೆ.

ಇದನ್ನು ಶುರು ಮಾಡಿದ ವರ್ಷ ನಾನು ಮಕ್ಕಳಿಗೆ ಕೊರವಂಜಿ ಪತ್ರಿಕೆಯ ಕಥೆ ಹೇಳಿದ್ದೆ. ವೃತ್ತಿಯಲ್ಲಿ ಡಾಕ್ಟರಾಗಿದ್ದ ರಾಶಿಯವರು (ಎಂ. ಶಿವರಾಂ) 1942ರಲ್ಲಿ ಆ ಹಾಸ್ಯ ಪತ್ರಿಕೆ ಶುರು ಮಾಡಿದ್ದು, ಆರ್. ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದದ್ದು, 25 ವರ್ಷ ಅದು ಕನ್ನಡಿಗರನ್ನು ನಗಿಸಿದ್ದು. "ಡಾಕ್ಟರಿಗೆ ಇಷ್ಟೆಲ್ಲ ಪುರುಸೊತ್ತು ಇತ್ತಾ ಸಾರ್?" ಅಂತ ಒಬ್ಬ ಕೇಳಿದ. ಅವತ್ತೇ ಸಂಜೆ ಅವನೇ ಮೊದಲ ಚೀಟಿ ಬರೆದುಕೊಟ್ಟ.

ನಗಿಸಿದರೆ ಮಾರ್ಕ್ಸ್ ಬರುತ್ತಾ ಅಂತ ಕೆಲವು ಪೋಷಕರು ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ನಗುವಿಗೆ ಅಂತ ಅಂಕ ಇಲ್ಲ. ಆದರೆ ಪ್ರಥಮ ಭಾಷೆಗೆ 125 ಇದೆ. ಅದರಲ್ಲಿ ಪತ್ರ ಬರೆಯಬೇಕು, ಗಾದೆ ವಿಸ್ತರಿಸಬೇಕು, ಪ್ರಬಂಧ ಬರೆಯಬೇಕು. ಹಲಗೆಗೆ ಬರೆಯುವ ಮಕ್ಕಳು ಇದಕ್ಕೆಲ್ಲ ಹೆದರುವುದಿಲ್ಲ, ಅದನ್ನು ನಾನು ವರ್ಷ ವರ್ಷ ಕಣ್ಣಾರೆ ನೋಡುತ್ತಿದ್ದೇನೆ.

ಒಂದು ಸಲ ಮೂವರು ಹುಡುಗರು ಒಂದೇ ಒಂದು ಚೀಟಿ ಹಿಡಿದು ಅರ್ಧ ಗಂಟೆ ವಾದ ಮಾಡಿದರು. ಬಿಸಿಯೂಟದ ಜೊತೆ ಮೊಟ್ಟೆ ತಿನ್ನುವವರು ಯಾರು, ಬಾಳೆಹಣ್ಣು ತಿನ್ನುವವರು ಯಾರು ಅಂತ ನಮ್ಮಲ್ಲಿ ಲಿಸ್ಟ್ ಬರೆಸುತ್ತೇವೆ. ಅದರ ಮೇಲೆ ಒಬ್ಬ ಬರೆದಿದ್ದ: "ಗಣಿತದಲ್ಲಿ ಮೊಟ್ಟೆ ಸಿಕ್ಕಿದೆ, ಆದರೆ ನಾನು ಬಾಳೆಹಣ್ಣಿನ ಲಿಸ್ಟಿನಲ್ಲಿ ಇದ್ದೇನೆ." ಇನ್ನೊಬ್ಬ ಒಪ್ಪಲಿಲ್ಲ. ಮೊಟ್ಟೆ ಮೊದಲೇ ಬಂದರೆ ನಗು ಎಲ್ಲಿಂದ ಬರಬೇಕು ಅಂದ. ಹೊಡೆದು, ತಿದ್ದಿ, ಕೊನೆಗೆ ಹೀಗಾಯಿತು: "ಸಾರ್, ಊಟದ ಲಿಸ್ಟಿನಲ್ಲಿ ನಾನು ಬರೆಸಿದ್ದು ಬಾಳೆಹಣ್ಣು. ಗಣಿತದ ಪೇಪರಿನಲ್ಲಿ ನೀವು ಕೊಟ್ಟಿದ್ದು ಮೊಟ್ಟೆ." ವಾಕ್ಯದಲ್ಲಿ ಯಾವ ಪದ ಎಲ್ಲಿ ಕೂರಬೇಕು ಅನ್ನುವುದನ್ನು ನಾನು ಬೋರ್ಡಿನ ಮೇಲೆ ಇಷ್ಟು ಚೆನ್ನಾಗಿ ಕಲಿಸಲಾರೆ. ಗಣಿತದ ಮೇಷ್ಟ್ರು ಅದನ್ನು ಓದಿ, ನಕ್ಕು, ಅವನನ್ನು ದಿನಾ ಸಂಜೆ ಅರ್ಧ ಗಂಟೆ ಕೂರಿಸಿಕೊಂಡರು. ಮುಂದಿನ ಟೆಸ್ಟಿನಲ್ಲಿ ಅವನು ಪಾಸಾದ.

ಇನ್ನು ತೊಂದರೆಯ ವಿಷಯಕ್ಕೆ ಬರುತ್ತೇನೆ.

ಜಗಲಿಯ ಮಾಡು ತಗಡಿನ ಶೀಟು. ಮಳೆ ಹಿಡಿಯಿತು ಅಂದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಶನಿವಾರ ಓದುವ ಮಗು ಗಂಟಲು ಹರಿದುಕೊಂಡು ಕೂಗಬೇಕು. ಮೆಲ್ಲಗೆ ಮಾತಾಡುವ ಮಕ್ಕಳು ಅರ್ಧಕ್ಕೇ ಕೂತುಬಿಡುತ್ತಾರೆ. ಮೊದಲೇ ಹೆದರಿಕೆಯ ಮಗು, ಧೈರ್ಯ ಮಾಡಿ ಎದ್ದು ನಿಂತಿದೆ, ಆಗ ಮಳೆ ಬಂದು ಅದರ ಮಾತನ್ನು ನುಂಗಿಬಿಟ್ಟರೆ ಹೊಟ್ಟೆ ಉರಿಯುತ್ತದೆ. ಎರಚಲಿಗೆ ಹಲಗೆಯ ಚೀಟಿಗಳ ಶಾಯಿ ಕರಗಿ ಹರಿಯುತ್ತದೆ. ಹೋದ ಮಳೆಗಾಲದಲ್ಲಿ ಶೀಟು ಎರಡು ಕಡೆ ತೂತಾಯಿತು. ವರ್ಷಕ್ಕೊಮ್ಮೆ ಒಳ್ಳೆಯ ಚೀಟಿಗಳನ್ನೆಲ್ಲ ಸೇರಿಸಿ ಮಕ್ಕಳು ಒಂದು ಕೈಬರಹದ ಸಂಚಿಕೆ ಮಾಡುತ್ತಾರೆ. ಅವನ್ನು ಇಟ್ಟಿದ್ದ ಮರದ ಕಪಾಟಿಗೆ ಗೆದ್ದಲು ಹತ್ತಿ ನಾಲ್ಕು ಸಂಚಿಕೆ ಹೋದವು. ಆ ನಾಲ್ಕರಲ್ಲಿ ಬರೆದ ಮಕ್ಕಳು ಈಗ ಎಲ್ಲೆಲ್ಲೋ ಇದ್ದಾರೆ. ಅವರಿಗೆ ಇದನ್ನು ಹೇಳುವಾಗ ನನಗೆ ಬೇಜಾರಾಗುತ್ತದೆ.

ಅನುದಾನಿತ ಶಾಲೆ ಅಂದಮೇಲೆ ಸರ್ಕಾರವೇ ಕೊಡುವುದಿಲ್ಲವಾ ಅಂತ ಕೇಳುವವರಿದ್ದಾರೆ. ಅನುದಾನದಲ್ಲಿ ಬರುವುದು ಶಿಕ್ಷಕರ ಸಂಬಳ. ಕಟ್ಟಡ, ಮಾಡು, ಕಪಾಟು ನೋಡಿಕೊಳ್ಳಬೇಕಾದ್ದು ಆಡಳಿತ ಮಂಡಳಿ. ನಮ್ಮ ಮಂಡಳಿಯವರು ಊರಿನ ರೈತರು. ಅಡಿಕೆಗೆ ಕೊಳೆರೋಗ ಬಂದ ವರ್ಷ ಅವರ ಕೈಯೂ ಖಾಲಿ.

ಆದ್ದರಿಂದ ಈ ಬೇಸಿಗೆಯಲ್ಲಿ ಶೀಟು ತೆಗೆದು ಜಗಲಿಗೆ ಹಂಚು ಹೊದಿಸಬೇಕು, ಜಗಲಿಯನ್ನು 12 ಅಡಿ ಮುಂದಕ್ಕೆ ತರಬೇಕು ಅಂತ ತೀರ್ಮಾನ ಮಾಡಿದ್ದೇವೆ. ಹಂಚಿನ ಕೆಳಗೆ ಮಳೆಯ ಸದ್ದು ಎಷ್ಟೋ ಕಡಿಮೆ, ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಗಲವಾದರೆ 74 ಮಕ್ಕಳೂ ಒಟ್ಟಿಗೆ ಕೂರಬಹುದು. ಮರಗೆಲಸ, ಹಂಚು, ನೆಲ ಎಲ್ಲ ಸೇರಿ 3,40,000 ರೂಪಾಯಿ ಆಗುತ್ತದೆ ಅಂತ ಲೆಕ್ಕ ಹಾಕಿಸಿದ್ದೇವೆ. ಗಾಜಿನ ಬಾಗಿಲಿರುವ ಹೊಸ ಹಲಗೆ ಮತ್ತು ಒಂದು ಸ್ಟೀಲ್ ಬೀರುವಿಗೆ 42,000. ಕರೆಂಟ್ ಹೋದಾಗಲೂ ನಡೆಯುವ ಸಣ್ಣ ಮೈಕ್ ಸೆಟ್ಟಿಗೆ 18,000. ಒಟ್ಟು 4,00,000. ಹಳೆ ವಿದ್ಯಾರ್ಥಿಗಳು ಮತ್ತು ಊರಿನವರು ಈಗಾಗಲೇ 1,25,000 ಕೊಟ್ಟಿದ್ದಾರೆ. ಉಳಿದ 2,75,000ಕ್ಕೆ ನಿಮ್ಮನ್ನು ಕೇಳುತ್ತಿದ್ದೇವೆ.

ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ, ಸಂತೋಷದಿಂದ ತಗೊಳ್ಳುತ್ತೇವೆ. ಶಾಲೆಯ ಖಾತೆಯ ವಿವರ ಈ ಪತ್ರದ ಜೊತೆಗಿನ ಚೀಟಿಯಲ್ಲಿದೆ. ಮಂಡಳಿಗೆ 80ಜಿ (ದೇಣಿಗೆಗೆ ಆದಾಯ ತೆರಿಗೆ ರಿಯಾಯಿತಿ) ನೋಂದಣಿ ಇದೆ. 2,000 ರೂಪಾಯಿಗಿಂತ ಜಾಸ್ತಿ ಕೊಡುವವರು ದಯವಿಟ್ಟು ಚೆಕ್ ಅಥವಾ ಆನ್‌ಲೈನ್ ಮೂಲಕ ಕೊಡಿ. ನಗದಾಗಿ ಕೊಟ್ಟರೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೂ ಈ ರಿಯಾಯಿತಿ ಇಲ್ಲ, ಮೊದಲೇ ಹೇಳಿಬಿಡುತ್ತೇನೆ. ಖರ್ಚಿನ ಲೆಕ್ಕ ಪೂರ್ತಿಯಾಗಿ ಶಾಲೆಯ ಜಗಲಿಯಲ್ಲೇ ಅಂಟಿಸುತ್ತೇವೆ.

ದುಡ್ಡೇ ಆಗಬೇಕು ಅಂತಿಲ್ಲ. ನಿಮ್ಮ ಕಡೆ ಯಾರಾದರೂ ಹಳೆ ಮನೆ ಕಳಚುತ್ತಿದ್ದರೆ ಒಡೆಯದ ಮಂಗಳೂರು ಹಂಚು ನಮಗೆ ಬೇಕು. ಹಂಚಿನ ಕೆಳಗಿನ ಮರ, ಅಂದರೆ ರೀಪು, ಪಕಾಸಿ ಗಟ್ಟಿಯಿದ್ದರೆ ಅದೂ ಬೇಕು. ನಾಲ್ಕೈದು ಕನ್ನಡಿ ಹಂಚು ಸಿಕ್ಕರಂತೂ ಹಲಗೆಯ ಮೇಲೆ ಬೆಳಕು ಬೀಳುತ್ತದೆ. ಗಾಡಿ ಬಾಡಿಗೆ ನಾವು ಕೊಡುತ್ತೇವೆ. ಹಂಚು ಇಳಿಸಲು, ತೊಳೆಯಲು ಊರಿನ ಯುವಕರು ಬರುತ್ತೇವೆ ಅಂದಿದ್ದಾರೆ. ಹತ್ತನೆಯವರ ಪರೀಕ್ಷೆ ಮುಗಿದ ಕೂಡಲೇ ಕೆಲಸ ಶುರು ಮಾಡಿ, ಮೇ ಕೊನೆಯೊಳಗೆ ಮುಗಿಸಲೇಬೇಕು. ಜೂನ್ ಬಂದರೆ ನಮ್ಮಲ್ಲಿ ಮಾಡಿನ ಕೆಲಸ ಆಗುವುದಿಲ್ಲ.

ಇದೇ ಶಾಲೆಯಲ್ಲಿ ಓದಿದವರಿಗೆ ಇನ್ನೊಂದು ಮಾತು. ಗೆದ್ದಲು ತಿಂದ ಸಂಚಿಕೆಗಳಲ್ಲಿ ನೀವು ಬರೆದದ್ದು ನಿಮಗೆ ನೆನಪಿದ್ದರೆ ಬರೆದು ಕಳಿಸಿ. ನಾಲ್ಕು ಸಾಲಾದರೂ ಪರವಾಗಿಲ್ಲ. ಹೊಸ ಬೀರುವಿನಲ್ಲಿ ಮೊದಲು ಇಡುವುದು ಅದನ್ನೇ.

ಕರುವಿನ ಹುಡುಗಿ ಈ ವರ್ಷ ಪ್ರತಿಭಾ ಕಾರಂಜಿಯ ಹಾಸ್ಯ ಸ್ಪರ್ಧೆಗೆ ಹೆಸರು ಕೊಟ್ಟು ತಾಲ್ಲೂಕು ಮಟ್ಟದವರೆಗೆ ಹೋಗಿ ಬಂದಳು. ಬಹುಮಾನ ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಮುಂದಿನ ವರ್ಷ ಏನು ಹೇಳಬೇಕು ಅಂತ ಆಗಲೇ ಪಕ್ಕದವಳಿಗೆ ಹೇಳುತ್ತಿದ್ದಳು. ಜೂನ್‌ನ ಮೊದಲ ಶನಿವಾರದ ಸಭೆಯಲ್ಲಿ ಅವಳೇ ಓದುತ್ತಾಳೆ ಅಂತ ಮಕ್ಕಳು ಈಗಲೇ ಗೊತ್ತು ಮಾಡಿದ್ದಾರೆ. ನೀವೂ ಬನ್ನಿ, ಹಂಚಿನ ಕೆಳಗೆ ಕೂತು ಕೇಳಿ.

ನಿಮ್ಮ,
ಕನ್ನಡ ಮೇಷ್ಟ್ರು
ಶಾಲೆಯ ಮಕ್ಕಳು, ಶಿಕ್ಷಕರು ಮತ್ತು ಆಡಳಿತ ಮಂಡಳಿಯ ಪರವಾಗಿ