ಹಾಸಿಗೆಯ ಉದ್ದ ಮಕ್ಕಳಿಗೂ ಗೊತ್ತಿರಲಿ

ಮಾನ್ಯ ಸಂಪಾದಕರೇ,

ಈಗಿನ ಹುಡುಗರಿಗೆ ದುಡ್ಡಿನ ಬೆಲೆ ಗೊತ್ತಿಲ್ಲ, ಮೊಬೈಲು, ಹೋಟೆಲು ಎಂದು ಸುರಿಯುತ್ತಾರೆ ಎಂದು ಕಳೆದ ವಾರ ಹಿರಿಯರೊಬ್ಬರು ಈ ಅಂಕಣದಲ್ಲಿ ಬರೆದಿದ್ದರು. ಏಪ್ರಿಲ್ ತನಕ ನಾನೂ ಅದನ್ನೇ ಹೇಳುತ್ತಿದ್ದೆ. ಈಗ ಹೇಳಲು ಬಾಯಿ ಬರುವುದಿಲ್ಲ. ಮಗನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಹಾಕಬೇಡಿ.

ನಮ್ಮದು ಮುಂಬಯಿ ಹತ್ತಿರದ ಡೊಂಬಿವಲಿ. ಯಜಮಾನರಿಗೆ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಸಣ್ಣ ಕ್ಯಾಂಟೀನು, ಮಗನಿಗೆ ಐರೋಲಿಯಲ್ಲಿ ಕೆಲಸ. ನಾದಿನಿಯ ಮಗಳ ಮದುವೆಯ ಫೋಟೋ ನೋಡುತ್ತಾ ಅವನ ಫೋನು ಹಿಡಿದು ಕೂತಿದ್ದೆ. ಮೇಲಿನಿಂದ ಒಂದು ಮೆಸೇಜು ಇಳಿಯಿತು: ಕ್ರೆಡಿಟ್ ಕಾರ್ಡಿನ ಒಟ್ಟು ಬಾಕಿ 1,20,000, ಕನಿಷ್ಠ ಪಾವತಿ 6,000. ಕೇಳಿದೆ. ಮೊದಲು ರೇಗಿದ, ಆಮೇಲೆ ಚಪಾತಿ ಮಣೆಯ ಪಕ್ಕದಲ್ಲಿ ಕೂತು ಎಲ್ಲ ಬಿಲ್ಲುಗಳನ್ನೂ ತೆರೆದು ತೋರಿಸಿದ.

ಹೊರಗೆ ತಿಂದದ್ದು, ಇಯರ್‌ಫೋನು ಅದರಲ್ಲಿ ಇತ್ತು, ಇಲ್ಲವೆನ್ನಲಾರೆ. ಆದರೆ ದೊಡ್ಡ ಮೊತ್ತ ಅದೇ ಮದುವೆಯದು. ಮತ್ಸ್ಯಗಂಧ ರೈಲಿನಲ್ಲಿ ಸೀಟು ಸಿಗಲಿಲ್ಲವೆಂದು ಮಂಗಳೂರಿಗೆ ಮೂವರ ವಿಮಾನ ಟಿಕೆಟು. ಹುಡುಗಿಗೆ ಚಿನ್ನದ ಉಂಗುರ. 'ಸೋದರಮಾವನ ಮನೆಯವರು ನಾವು, ಬರಿಗೈಯಲ್ಲಿ ಹೋಗಿ ನಿಲ್ಲುವುದು ಹೇಗೆ?' ಎಂದವಳು ನಾನು. ಆ ತಿಂಗಳು ಕ್ಯಾಂಟೀನಿನಲ್ಲಿ ಕೈಯಲ್ಲಿ ದುಡ್ಡು ಓಡುತ್ತಿರಲಿಲ್ಲ ಎಂದು ಯಜಮಾನರು ಬಾಯಿಬಿಟ್ಟಿರಲಿಲ್ಲ. ಅಪ್ಪ ಸುಮ್ಮನಿದ್ದದ್ದನ್ನು ಕಂಡು ಮಗ ಕಾರ್ಡು ಉಜ್ಜಿದ.

ಆಮೇಲೆ ಪ್ರತಿ ತಿಂಗಳೂ ಆ ಕನಿಷ್ಠ ಮೊತ್ತವನ್ನು ಕಟ್ಟಿ, ಸಾಲ ತೀರುತ್ತಿದೆ ಎಂದೇ ನಂಬಿದ್ದ. ಪೆನ್ನು ಹಿಡಿದು ಲೆಕ್ಕ ಹಾಕಿದೆವು. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರೂವರೆ, ಅಂದರೆ 4,200. ಅದರ ಮೇಲೆ ಶೇ. 18 ಜಿಎಸ್‌ಟಿ 756. ಕಟ್ಟಿದ 6,000ದಲ್ಲಿ ಅಸಲಿಗೆ ಹೋದದ್ದು 1,044 ರೂಪಾಯಿ. ಬಾಕಿ ಉಳಿದಿರುವಾಗ ಹೊಸದಾಗಿ ಏನು ಕೊಂಡರೂ ಆ ದಿನದಿಂದಲೇ ಬಡ್ಡಿ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಕನಿಷ್ಠ ಮೊತ್ತವನ್ನೇ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆ ಬಿಲ್ಲಿನಲ್ಲಿ ಇರಲೇಬೇಕೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ನಿಯಮ ಮಾಡಿದೆ. ಇವನ ಬಿಲ್ಲಿನಲ್ಲೂ ಇತ್ತು, ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ.

ಯಜಮಾನರ ಹೆಸರಲ್ಲಿ ಒಂದು ಎಫ್‌ಡಿ ಇತ್ತು. ಅದನ್ನು ಮುರಿಯುವುದೆಂದರೆ ಅವರಿಗೆ ಮನೆಯ ಕಂಬ ಮುರಿದಂತೆ, ಎರಡು ದಿನ ಮಾತೇ ಆಡಲಿಲ್ಲ. 1,20,000ಕ್ಕೆ ಶೇ. 7ರಂತೆ ವರ್ಷಕ್ಕೆ ಬರುವುದು 8,400, ಕಾರ್ಡಿಗೆ ಹೋಗುವುದು ಬಡ್ಡಿ, ಜಿಎಸ್‌ಟಿ ಸೇರಿ ಎರಡೇ ತಿಂಗಳಲ್ಲಿ ಸುಮಾರು 9,900 ಎಂದು ಬರೆದು ತೋರಿಸಿದ ಮೇಲೆ ಬ್ಯಾಂಕಿಗೆ ಹೊರಟರು. ಪುಕ್ಕಟೆ ಅಲ್ಲ. ಮಗ ತಿಂಗಳಿಗೆ 10,000ದಂತೆ ಅಪ್ಪನಿಗೆ ವಾಪಸು ಕೊಡುತ್ತಿದ್ದಾನೆ.

'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂದು ಅವನಿಗೆ ಸಾವಿರ ಸಲ ಹೇಳಿದ್ದೇವೆ. ಹಾಸಿಗೆ ಎಷ್ಟುದ್ದ ಎಂದು ಒಂದು ಸಲವೂ ಹೇಳಿರಲಿಲ್ಲ. ನನಗೇ ಎಲ್ಲಿ ಗೊತ್ತಿತ್ತು? 2020ರ ಲಾಕ್‌ಡೌನಿನಲ್ಲಿ ಕ್ಯಾಂಟೀನು ಮುಚ್ಚಿದಾಗ ಊರಿನ ಹೋಟೆಲಿನವರೊಬ್ಬರಿಂದ ಇವರು ಸಾಲ ಮಾಡಿ ಮನೆ ನಡೆಸಿದ್ದು ನನಗೆ ತಿಳಿದದ್ದು ಈಗ, ಆ ಚಪಾತಿ ಮಣೆಯ ಮುಂದೆ. ಮರ್ಯಾದೆ ಎಂದು ಮುಚ್ಚಿಟ್ಟಿದ್ದರಂತೆ. ಅಪ್ಪನಿಂದ ಮಗ ಕಲಿತದ್ದೂ ಅದನ್ನೇ.

ಈಗ ಭಾನುವಾರ ಸಂಜೆ ಮೂವರೂ ಕ್ಯಾಂಟೀನಿನ ಲೆಕ್ಕದ ಪುಸ್ತಕ ಇಟ್ಟುಕೊಂಡು ಕೂರುತ್ತೇವೆ. ಬಂದದ್ದೆಷ್ಟು, ಹೋದದ್ದೆಷ್ಟು, ಊರಿನ ದೈವದ ನೇಮಕ್ಕೆ ಎಷ್ಟು. ಕಾಲು ಮುರಿದ ಕನ್ನಡಕಕ್ಕೆ ದಾರ ಕಟ್ಟಿ ಎರಡು ವರ್ಷ ದೂಡಿದವರು ನಮ್ಮ ಯಜಮಾನರು. ಹೊಸ ಕನ್ನಡಕಕ್ಕೆಂದು ಅದೇ ಪುಸ್ತಕದಲ್ಲಿ ದುಡ್ಡು ಬರೆದಿಟ್ಟು ತಂದೆವು. ಬೇಕಾದುದಕ್ಕೆ ಕೈ ಬಿಗಿಹಿಡಿಯುವುದನ್ನು ನಾನು ಇನ್ನು ಉಳಿತಾಯ ಎನ್ನಲಾರೆ.

ಇಲ್ಲಿನ ನಮ್ಮ ಕನ್ನಡ, ತುಳು ಸಂಘಗಳಲ್ಲಿ ಒಂದು ಕೋರಿಕೆ. ವಾರ್ಷಿಕೋತ್ಸವದಲ್ಲಿ ಶಾಲು, ಹಾರ, ಯಕ್ಷಗಾನ ಎಲ್ಲ ಇರಲಿ. ಜೊತೆಗೆ ಒಂದು ಗಂಟೆ ಕಾರ್ಡಿನ ಬಿಲ್ಲು, ಕಂತು, ಬಡ್ಡಿ ಓದುವುದು ಹೇಗೆಂದು ಕನ್ನಡದಲ್ಲಿ, ತುಳುವಿನಲ್ಲಿ ಹೇಳಿಸಿ. ಹೇಳಬಲ್ಲ ಬ್ಯಾಂಕಿನವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.

ನಾವು ಹನ್ನೆರಡು ಹೆಂಗಸರು ತಿಂಗಳಿಗೆ 2,000ದಂತೆ ಭಿಶಿ, ಅಂದರೆ ಚೀಟಿ, ಹಾಕುತ್ತೇವೆ. ದುಡ್ಡು ಎಣಿಸುತ್ತೇವೆಯೇ ಹೊರತು ದುಡ್ಡಿನ ಮಾತು ಎತ್ತುವುದಿಲ್ಲ. ಹೋದ ತಿಂಗಳು ಚೀಟಿ ಎತ್ತುವ ಮೊದಲು ಮಗನ ಸಾಲದ ಮೊತ್ತವನ್ನು ಎಲ್ಲರೆದುರು ಹೇಳಿದೆ. ಯಾರೂ ಮಾತಾಡಲಿಲ್ಲ. ಹೊರಡುವಾಗ ಒಬ್ಬಾಕೆ ಮೆಟ್ಟಿಲ ತನಕ ಬಂದು, ತನ್ನ ಬಿಲ್ಲನ್ನೂ ಒಮ್ಮೆ ನೋಡಿಕೊಡುತ್ತೀರಾ ಎಂದು ಮೆಲ್ಲಗೆ ಕೇಳಿದಳು. ಈ ಭಾನುವಾರ ಗಂಡನನ್ನೂ ಕರೆದುಕೊಂಡು ಬರುತ್ತಾಳೆ.

ಓರ್ವ ಓದುಗಿತ್ತಿ, ಡೊಂಬಿವಲಿ ಪೂರ್ವ